ಒಂದು ಮೂಟೆ ಉಪ್ಪು

ಕಲೋನಿನವರು ನಾವು, ಮಾತಿಗೆ ಬಡವರಲ್ಲ.
ಟ್ರಾಮಿನಲ್ಲಿ ಪಕ್ಕ ಕೂತವರ ಮೊಣಕಾಲು ನೋವು
ಮೂರನೇ ನಿಲ್ದಾಣದೊಳಗೆ ನಮಗೂ ಬಂದಿರುತ್ತದೆ.
ಇಳಿಯುವಾಗ "ಮನೆಗೆ ಬನ್ನಿ ಒಮ್ಮೆ" ಅನ್ನುತ್ತೇವೆ.
ವಿಳಾಸ ಕೊಡುವುದಿಲ್ಲ.
ಅವರೂ ಕೇಳುವುದಿಲ್ಲ. ಅದು ಅಲ್ಲಿಯ ಮರ್ಯಾದೆ.

ಅಂಚೆಯವರು ನನ್ನನ್ನು ವೆಸ್ಟ್‌ಫಾಲಿಯಾಕ್ಕೆ ವರ್ಗ ಮಾಡಿದಾಗ
(ರೈಲಿನಲ್ಲಿ ಬರೀ ಎರಡು ಗಂಟೆಯ ದಾರಿ)
ಅಮ್ಮ ಸೈಬೀರಿಯಾಕ್ಕೆ ಕಳಿಸುವವಳಂತೆ ತಬ್ಬಿದಳು:
"ಅಲ್ಲಿಯ ಜನ ಕಲ್ಲು, ಬಿಲ್ಲಾ.
ಒಂದು ಮೂಟೆ ಉಪ್ಪು ಜೊತೆಗೆ ತಿಂದು ಮುಗಿಸಬೇಕಂತೆ
ಒಬ್ಬನ ಗುರುತು ಸಿಗಬೇಕಾದರೆ."

ನಾನು ಲೆಕ್ಕದವಳು. ಹಳದಿ ಸೈಕಲ್ ತುಳಿಯುತ್ತಾ ಗುಣಿಸಿದೆ:
ತಲೆಗೆ ದಿನಕ್ಕೆ ಎಂಟು ಗ್ರಾಂ,
ಇಬ್ಬರು, ಮೂರು ಹೊತ್ತೂ ಒಂದೇ ಮೇಜು,
ಐವತ್ತು ಕಿಲೋ ಮೂಟೆ.
ಎಂಟೂವರೆ ವರ್ಷ!
ನನಗೆ ಅಲ್ಲಿ ಕೆಲಸವಿದ್ದದ್ದು ಆರು ವರ್ಷ.

ದಾರಿಯ ಕೊನೆಯ ಒಂಟಿಮನೆ ಎಂಗೆಲ್‌ಬೆರ್ಟ್ ಬ್ಯೋಕೆನ್‌ಹೋಲ್ಟನದು.
ಓಕ್ ಮರ, ಹಂದಿಗಳು, ಬೇಲಿಯಾಚೆ ಒಂದು ಟೋಪಿ.
"ತಾಖ್" ಅನ್ನುತ್ತಿದ್ದ. ಅಷ್ಟೇ.
ಅದನ್ನೂ ಕಿಸೆಯಿಂದ ಚಿಲ್ಲರೆ ತೆಗೆದ ಹಾಗೆ, ಎಣಿಸಿ.
ಬಿಸಿಲು ಚೆನ್ನಾಗಿದೆ ಅಂದರೆ ತಲೆಯೆತ್ತಿ ನೋಡುತ್ತಿದ್ದ,
ನಾನು ಹೇಳಿದ್ದು ನಿಜವೋ ಎಂದು.

ಅವನ ತಂಗಿ ಆಲ್ವೀನೆ ಮಾತ್ರ
ಅರಳು ಹುರಿದ ಹಾಗೆ ಮಾತಾಡುವವಳು.
ನಾಲ್ಕು ತಲೆಮಾರು ಅದೇ ಮಣ್ಣಿಗೆ ಸೇರಿದ ಮನೆತನ,
ಆದರೂ ಊರು ಅನ್ನುತ್ತಿತ್ತು:
"ಅವಳ ಅಜ್ಜಿ ಎಲ್ಲೋ ಹೊರಗಿನವಳಿರಬೇಕು."
ಕಲೋನಿನಲ್ಲಿ ನನ್ನ ಅಪ್ಪ,
ಕಾರ್ನಿವಲ್ ದಿನ ಇಡೀ ಬೀದಿ ಕುಣಿಯುವಾಗ
ನೆಲಮಾಳಿಗೆಗಿಳಿದು ಗಡಿಯಾರ ಬಿಚ್ಚುತ್ತಿದ್ದವನು.
ಅವನಿಗೂ ನೆರೆಯವರು ಎಲ್ಲಿಂದಲೋ
ವೆಸ್ಟ್‌ಫಾಲಿಯಾದ ಒಬ್ಬ ಮುತ್ತಾತನನ್ನು ಹುಡುಕಿ ಕೊಟ್ಟಿದ್ದರು.

ಊರು ಬಿಡುವ ದಿನ ಎಲ್ಲರಿಗೂ ಹೇಳಿದ ಹಾಗೇ
ಅವನಿಗೂ ಹೇಳಿದೆ, ಸೈಕಲ್ ತಿರುಗಿಸುತ್ತಾ:
"ಕಲೋನಿಗೆ ಬಾ. ಯಾವಾಗ ಬೇಕಾದರೂ.
ಬಾಗಿಲು ತೆರೆದೇ ಇರುತ್ತೆ."
ಅವನು ತುಸು ಯೋಚಿಸಿ ತಲೆಯಾಡಿಸಿದ.
ಆಗಲೇ ನನಗೆ ಗೊತ್ತಾಗಬೇಕಿತ್ತು.

ಹನ್ನೊಂದು ತಿಂಗಳಾದ ಮೇಲೆ, ಒಂದು ಗುರುವಾರ,
ಕರೆಗಂಟೆ.
ಚರ್ಚಿಗೆ ತೊಡುವ ಕೋಟು, ಒದ್ದೆ ಮಾಡಿ ಬಾಚಿದ ಕೂದಲು,
ಎರಡೂ ಕೈಯಲ್ಲಿ ಹಿಡಿದ ಹತ್ತು ಮೊಟ್ಟೆಯ ರಟ್ಟು.
ಮೂರು ರೈಲು ಬದಲಿಸಿದರೂ ಒಂದೂ ಒಡೆದಿರಲಿಲ್ಲ.
"ಬಾ ಅಂದಿದ್ದೆ" ಅಂದ.

ನಾನು ನಕ್ಕೆ. ದೊಡ್ಡದಾಗಿ, ನಮ್ಮೂರ ನಗು.
ಆ ನಗುವಿಗೂ ಒಳಗಿಂದ ಚಿಲಕವಿದೆ ಎಂದು
ಅವತ್ತು ನನ್ನ ಕಿವಿಗೇ ಕೇಳಿಸಿತು.
ತಲೆಗೆ ಟವೆಲು, ಸಿಂಕಿನಲ್ಲಿ ನಿನ್ನೆಯ ಪಾತ್ರೆ,
ನಾಲಿಗೆಯ ತುದಿಯಲ್ಲಿ ಚೆಂದದ ಒಂದು ನೆವ:
ಅಯ್ಯೋ, ಈಗಷ್ಟೇ ಹೊರಟಿದ್ದೆ...
ಟವೆಲು ಸುತ್ತಿಕೊಂಡು!

ಅವನು ಕಾದ, ಅವಸರವಿಲ್ಲದೆ,
ಹಸು ಈಯುವುದನ್ನು ಕಾಯುವವರ ಹಾಗೆ.
ಬಾಗಿಲು ಪೂರ್ತಿ ತೆರೆದೆ.

ಒಂದೂಕಾಲು ಗಂಟೆ ಕೂತ. ಮೊಟ್ಟೆ ಬೇಯಿಸಿದೆ.
ಉಪ್ಪಿನ ಕುಡಿಕೆ ರೈನ್ ನದಿಯ ತೇವಕ್ಕೆ ಗಟ್ಟಿಕಟ್ಟಿತ್ತು;
ಮೇಜಿಗೆ ಮೂರು ಸಲ ಕುಟ್ಟಿ
ಮೊದಲು ನನ್ನ ತಟ್ಟೆಗೆ ಉದುರಿಸಿದ.
ಅಪ್ಪನ ಗಡಿಯಾರವೊಂದೇ ಮಾತಾಡುತ್ತಿತ್ತು.
"ದೂರುವಂಥದ್ದೇನಿಲ್ಲ" ಅಂದ ಕೊನೆಗೆ.
ಅವರಲ್ಲಿ ಅದು ಮದುವೆಯೂಟಕ್ಕೂ ಸುಲಭಕ್ಕೆ ಸಿಗದ ಹೊಗಳಿಕೆ.

ಅವನು ಕೋಟು ತೊಡುವಾಗ
ಮತ್ತೆ ಬಾ ಅನ್ನಲು ಬಾಯಿ ತೆರೆದು, ಮುಚ್ಚಿಕೊಂಡೆ.
ಅವನು ಎರಡು ಮಹಡಿ ಇಳಿದ ಮೇಲೆ
ಬರಿಗಾಲಲ್ಲಿ ಮೆಟ್ಟಿಲಿಗೆ ಓಡಿ, ಕಂಬಿಯ ಮೇಲಿಂದ ಬಾಗಿ
ಹೇಳಿಯೇಬಿಟ್ಟೆ.

ಕೆಳಗಿಂದ ಟೋಪಿ ಮೇಲೆ ನೋಡಿತು.
"ಯಾವತ್ತು?"